ಜಪಾನದಾಕಿ

ನವೆಂಬರ್ ೧೧, ಸೋಮವಾರ

ವ್ಯಾನು ಇವತ್ತು ಮತ್ತೆ ಕೈಕೊಟ್ಟಿತು. ಮುಧೋಳ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಹೊರಟಿದ್ದೆವು, ಎದುರಿಗೆ ಬಸ್ಸು ಬರುತ್ತಿತ್ತು. ಒಮ್ಮೆಲೇ ಗಾಡಿಯಲ್ಲಿ ದಮ್ಮೇ ಇಲ್ಲ. ಡ್ರೈವರ್ ಎಷ್ಟು ತುಳಿದರೂ ಮುಂದೆ ಹೋಗದು, ಹಿಂದೆಲ್ಲ ಕರೀ ಹೊಗೆ. ಬಸ್ಸಿನವನ ಹಾರ್ನು ಇನ್ನೂ ಕಿವಿಯಲ್ಲಿದೆ. ಹೇಗೋ ಮತ್ತೆ ಟ್ರ್ಯಾಕ್ಟರಿನ ಬೆನ್ನಿಗೆ ಸರಿದುಕೊಂಡು, ಬದಿಗೆ ನಿಲ್ಲಿಸಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ. ಏನೂ ಆಗಿಯೇ ಇಲ್ಲ ಎಂಬಂತೆ ಹೊರಟಿತು. 

ಈ ಉಸಾಬರಿ ನನಗೆ ಯಾಕೆ ಬೇಕಿತ್ತು? ಅಣ್ಣನ ಮಗ ರಘೂತ್ತಮ ಪುಣೆಯ ಟ್ರಸ್ಟಿನಲ್ಲಿದ್ದಾನೆ. ಅವರಿಗೆ ಜಪಾನಿನವರು ಯಾರೋ ದಾನ ಕೊಟ್ಟ ಡೀಸೆಲ್ ವ್ಯಾನು ಇದು. ಹಿಂದಿನ ಬಾಗಿಲು ತೆಗೆದರೆ ಗಾಲಿಕುರ್ಚಿ ಏರಿಸುವ ಹಲಗೆ ತಾನಾಗಿ ಇಳಿಯುತ್ತದೆ. ಮುಧೋಳ, ರನ್ನ ಬೆಳಗಲಿ, ರಬಕವಿ, ಬನಹಟ್ಟಿ ಸುತ್ತಿ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಜಮಖಂಡಿಯ ಅವರ ಶಾಲೆಗೆ ತರಬೇಕು, ಸಂಜೆ ತಿರುಗಿ ಬಿಡಬೇಕು. ಜೊತೆಗೆ ಹಿರಿಯರೊಬ್ಬರು ಬೇಕಂತೆ. "ಆತ್ಯಾ, ರಿಟಾಯರ್ ಆಗಿ ಖಾಲೀನ ಇದ್ದೀರಿ, ನೀವ ಕೂಡ್ರಿ" ಅಂದ. ಜೀವನವಿಡೀ ಹಿಂದಿ ಕಲಿಸಿದವಳು, ಯಜಮಾನರು ತೀರಿಕೊಂಡ ಮೇಲೆ ಹೊತ್ತು ಹೋಗದೆ ಕೂತವಳು, ಹೂಂ ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳಬೇಕಿತ್ತು.

ಗಾಡಿಯೊಳಗಿನ ಅಕ್ಷರವೆಲ್ಲ ಜಪಾನಿ, ಯಾವ ಗುಂಡಿ ಯಾವುದಕ್ಕೆಂದು ದೇವರಿಗೇ ಗೊತ್ತು. ಹಲಗೆ ಇಳಿಯುವಾಗ, ಏರುವಾಗ ಒಳಗಿನಿಂದ ಒಬ್ಬ ಹೆಂಗಸು ಮೆತ್ತಗೆ ಏನೋ ಹೇಳುತ್ತಾಳೆ. ಎಚ್ಚರಿಕೆಯೋ ಉಪಚಾರವೋ ತಿಳಿಯದು. ನಡುರಸ್ತೆಯಲ್ಲಿ ದಮ್ಮು ಹೋದಾಗ ಮಾತ್ರ ಆ ಮಹಾತಾಯಿಯ ಬಾಯಿ ಬಂದ್.

ನವೆಂಬರ್ ೧೩, ಬುಧವಾರ

ತಪ್ಪು ಡ್ರೈವರನದೇ ಎಂದು ನನ್ನ ಲೆಕ್ಕ. ಬೀಳಗಿಯವನು, ಹೆಸರು ಸಂಜಯ, ನಲವತ್ತರ ಆಸುಪಾಸು. ಮೊದಲು ಕಬ್ಬಿನ ಲಾರಿ ಹೊಡೆಯುತ್ತಿದ್ದನಂತೆ. ಲಾರಿ ತುಳಿದ ಕಾಲು ಇದನ್ನೂ ಲಾರಿಯಂತೆಯೇ ತುಳಿಯುತ್ತದೆ. ಮುಖದ ಮೇಲೆಯೇ ಹೇಳಿದೆ.

"ಅಕ್ಕಾರ, ಮೆತ್ತಗ ತುಳದ್ರ ಏನೂ ಆಗಾಂಗಿಲ್ರೀ. ಜೋರ ಹೋಗಬೇಕಂದಾಗ ಗಾಡಿ ಕುತಗಿ ಹಿಚಿಕಿದಂಗ ಆಕ್ಕೈತಿ," ಅಂದ.

"ಮೊಬೈಲ್ ನೋಡೂದು ಬಿಟ್ಟು ರಸ್ತಾ ನೋಡು, ಎಲ್ಲಾ ಸರಿ ಆಗ್ತದ," ಅಂದೆ. ಅವನು ಮೊಬೈಲನ್ನು ತೆಗೆದು ನನ್ನ ಮಡಿಲಲ್ಲಿಟ್ಟ, ಜಮಖಂಡಿಯವರೆಗೆ ಅದು ಅಲ್ಲೇ ಇತ್ತು. ಸೊಕ್ಕಿನ ಮನುಷ್ಯ.

ಮಕ್ಕಳನ್ನು ಇಳಿಸಿ ಮುಧೋಳದ ಗಿರಿಮಲ್ಲಪ್ಪನ ಗ್ಯಾರೇಜಿಗೆ ಹೋದೆವು. ಈ ವ್ಯಾನಿಗೆ ಮೂತಿಯೇ ಇಲ್ಲ, ಎಂಜಿನ್ನು ಮುಂದಿನ ಸೀಟುಗಳ ಕೆಳಗಿದೆ. ನಾನು ಕೂಡುವ ಸೀಟನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿದ. ಇಷ್ಟು ದಿನ ಬೆಂಕಿಯ ಮೇಲೆ ಕೂತಿದ್ದೆ ಎಂದು ಆಗ ತಿಳಿಯಿತು. ಗಿರಿಮಲ್ಲಪ್ಪ ಮಾತಿನ ಮಲ್ಲ. ಡೀಸೆಲ್ಲಿನಲ್ಲಿ ನೀರು ಸೇರಿರಬೇಕೆಂದು ಅದರ ಫಿಲ್ಟರ್ ಬದಲಿಸಿದ. ಗಾಳಿಯ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿದ, ಅದು ಚೊಕ್ಕವಾಗಿತ್ತು. ನಿಂತಲ್ಲೇ ಗುರ್ರೆನಿಸಿ, ಇನ್ನೂ ಗುರ್ರೆನಿಸಿ, ಕಿವಿ ಕೊಟ್ಟು ಕೇಳಿದ.

"ಏನೂ ಆಗಿಲ್ಲ ಬಿಡ್ರಿ, ಸುದ್ದ ಐತಿ. ನನ್ನ ಮುಂದ ಬಂದು ನಿಂತ್ರ ಎಲ್ಲಾ ಗಾಡಿ ಶಾಣ್ಯಾ ಆಗಿಬಿಡತಾವ," ಅಂದ. ಅದೇ ನನ್ನ ಹೆದರಿಕೆ. ಶಾಣ್ಯಾತನ ಗ್ಯಾರೇಜಿನಲ್ಲಿ, ಹುಚ್ಚಾಟ ರಸ್ತೆಯಲ್ಲಿ.

ನವೆಂಬರ್ ೧೮, ಸೋಮವಾರ

ಮತ್ತೆ ಅದೇ. ಈ ಸಲ ಮಹಾಲಿಂಗಪುರದ ಈಚೆ. ಡೀಸೆಲ್ಲಿನ ನೀರಂತೆ, ಅವನ ತಲೆ!

ರನ್ನ ಬೆಳಗಲಿಯಿಂದ ಏರುವ ಆ ಹುಡುಗಿಯ ಕಾಟ ಬೇರೆ. ಗಾಲಿಕುರ್ಚಿಯಲ್ಲಿ ಬರುವವಳು ಅವಳೊಬ್ಬಳೇ. ಕೈಕಾಲು ಅವಳು ಹೇಳಿದಂತೆ ಕೇಳುವುದಿಲ್ಲ, ಮಾತು ಗಂಟಲಲ್ಲೇ ಚೂರಾಗುತ್ತದೆ. ನನ್ನ ಸೀಟಿನ ಬೆನ್ನಿಗೇ ಅವಳ ಕುರ್ಚಿಯನ್ನು ನೆಲಕ್ಕೆ ಕೊಂಡಿ ಹಾಕಿ ನಿಲ್ಲಿಸುತ್ತಾರೆ. ಗಾಡಿ ಕೆಡುವ ಹೊತ್ತಿನಲ್ಲೇ ಅವಳು ಕುರ್ಚಿಯ ಕೈಗೆ ಪಟಪಟ ಬಡಿಯಬೇಕೆ? ನನ್ನ ಜೀವ ಬಾಯಿಗೆ ಬಂದಿರುತ್ತದೆ, ಹಿಂದಿನಿಂದ ಈ ಬಡಿತ. ಇವತ್ತು ತಿರುಗಿ ಗದರಿಸಿದೆ. ನಕ್ಕಳು.

ಮನೆಗೆ ಬಂದವಳೇ ರಘೂತ್ತಮನಿಗೆ ಫೋನ್ ಹಚ್ಚಿದೆ. "ಮಕ್ಕಳನ್ನ ಕೂಡಿಸಿಕೊಂಡು ಬಸ್ಸಿನ ಕೆಳಗ ಹೋಗ್ಲಿಕ್ಕೆ ನನಗ ಮನಸಿಲ್ಲ. ನಿನ್ನ ಜಪಾನದ ಗಾಡಿ ನೀ ತಿರುಗಿ ಒಯ್ಯಿ, ನನಗ ಪುಣ್ಯಾ ಬರಲಿ," ಅಂದೆ. ಗಾಬರಿಯಾದ. ಮೇಲಿನವರ ಕಿವಿಗೆ ಹಾಕುತ್ತೇನೆ ಅಂದ. ಫೋನ್ ಇಟ್ಟ ಮೇಲೆ ಎದೆ ಎಷ್ಟೋ ಹಗುರಾಯಿತು. ಚಹಾ ಮಾಡಿಕೊಂಡು ಕುಡಿದೆ.

ನವೆಂಬರ್ ೨೨, ಶುಕ್ರವಾರ

ನಾಲ್ಕು ದಿನ ಸುಮ್ಮನಿತ್ತು. ಕೆಟ್ಟರೆ ಒಂದು ಹೆದರಿಕೆ, ಕೆಡದಿದ್ದರೆ ಎರಡು. ಟ್ರ್ಯಾಕ್ಟರ್ ಕಂಡಲ್ಲೆಲ್ಲ ಸೀಟಿನ ಅಂಚು ಹಿಡಿದು ಬೆರಳು ನೋಯುತ್ತಿವೆ.

ನವೆಂಬರ್ ೨೭, ಬುಧವಾರ

ಬೀಳಗಿಗೆ ಹೋಗಿದ್ದೆವು. ಗಾಡಿಯ ಕಂಪ್ಯೂಟರ್ ಓದುವ ಯಂತ್ರ ಇಟ್ಟುಕೊಂಡವನೊಬ್ಬ ಅಲ್ಲಿದ್ದಾನೆ, ಸಂಜಯನ ಪರಿಚಯದವನು. ವೈರು ಚುಚ್ಚಿ ನೋಡಿ, ಎಂಜಿನ್ನಿಗೆ ಗಾಳಿ ಕಡಿಮೆ ಬರುತ್ತಿದೆಯೆಂದು ಗಾಡಿ ದೂರು ಬರೆದುಕೊಂಡಿದೆ ಅಂದ. ಗಾಳಿಯ ಫಿಲ್ಟರ್ ಚೊಕ್ಕವಾಗಿದೆ ಎಂದು ಸಂಜಯ ಹೇಳಿದ.

"ಹಂಗಾರ ಗಾಳಿ ಬರಾಕತ್ತೈತಿ. ಗಾಳಿ ಅಳಿಯೂ ಸೆನ್ಸರ್ ಸುಳ್ಳ ಹೇಳಾಕತ್ತೈತಿ," ಎಂದು ಅವನು ತೀರ್ಮಾನ ಕೊಟ್ಟ. ಆ ಸಾಮಾನು ಇಲ್ಲೆಲ್ಲೂ ಸಿಗದು, ಮುಂಬಯಿಯಿಂದ ತರಿಸಬೇಕು. ಅಲ್ಲಿಯವರೆಗೆ ಟ್ರ್ಯಾಕ್ಟರುಗಳ ಹಿಂದೆಯೇ ತೆವಳುವುದು ಎಂದಾಯಿತು. ಬರುವಾಗ ಸಂಜಯ ತನ್ನ ಮನೆಯ ಮುಂದೆ ನಿಲ್ಲಿಸಿ ನೀರು ಕೊಡಿಸಿದ. ಹೆಂಡತಿ ರೊಟ್ಟಿ ಕಟ್ಟಿಕೊಟ್ಟಳು. ನಾನು ಬೇಡವೆನ್ನಲಿಲ್ಲ, ಹೊತ್ತು ಮೀರಿತ್ತು.

ಡಿಸೆಂಬರ್ ೩, ಮಂಗಳವಾರ

ಹೊಸ ಸೆನ್ಸರ್ ಬಂತು, ನಿನ್ನೆ ಕೂಡಿಸಿದರು. ಇವತ್ತು ಟ್ರ್ಯಾಕ್ಟರಿನ ಮೇಲೆ ಟ್ರ್ಯಾಕ್ಟರ್ ದಾಟಿದೆವು! ಮುಧೋಳದ ಪೂರ್ವಾ, ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿಕೊಂಡು ಬರುವ ಬಾಯಿಬಡಕಿ, ದಾಟಿದಾಗಲೆಲ್ಲ "ಹೋತೂ!" ಎಂದು ಕೂಗುತ್ತಿದ್ದಳು. ನನಗೂ ನಗು ಬಂತು. ಇವತ್ತು ನಿದ್ದೆ ಬರುತ್ತದೆ ಅನ್ನಿಸುತ್ತಿದೆ.

ಡಿಸೆಂಬರ್ ೫, ಗುರುವಾರ

ಬರೆಯಲು ಕೈ ಬಾರದು. ಎರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರಿನ ಅರ್ಧ ದಾಟಿದ್ದೆವು. ಎದುರಿಗೆ ಲಾರಿ. ದಮ್ಮು ಹೋಯಿತು. ಸಂಜಯ ಬಲಕ್ಕೆ ಹೊರಳಿಸಿ ಹೊಲದೊಳಗೆ ಇಳಿಸಿದ, ಅದಕ್ಕೇ ಉಳಿದೆವು. ಮೊಬೈಲ್ ಅವನ ಕೈಯಲ್ಲಿರಲಿಲ್ಲ, ನಾನು ನೋಡಿದ್ದೇನೆ. ಇಳಿದವನು ಹೊಲದ ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡ.

ಇನ್ನು ನಾನು ಮುಂದಿನ ಸೀಟಿನಲ್ಲಿ ಕೂಡುವವಳಲ್ಲ. ಎದುರಿನಿಂದ ಬರುವುದನ್ನು ನೋಡುವ ಎದೆ ನನಗಿಲ್ಲ.

ಡಿಸೆಂಬರ್ ೯, ಸೋಮವಾರ

ಹಿಂದೆ ಕೂತೆ, ಬಡಿಯುವ ಆ ಹುಡುಗಿ ಗಂಗಾಂಬಿಕಾಳ ಕುರ್ಚಿಯ ಪಕ್ಕದ ಸೀಟಿನಲ್ಲಿ. ಅಲ್ಲಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅವಳ ಜೊಲ್ಲಿಗೆ ನನ್ನ ಸೆರಗು ಒದ್ದೆಯಾಯಿತು, ಒರೆಸಿದೆ, ಮತ್ತೆ ಒದ್ದೆಯಾಯಿತು. ಹೊತ್ತು ಹೋಗಲೆಂದು ರಬಕವಿಯ ಅಂಗಡಿ ಬೋರ್ಡುಗಳನ್ನು ಓದುತ್ತ ಹೋದೆ. ಬೇಕೆಂದೇ ಒಂದನ್ನು ತಪ್ಪು ಓದಿದರೆ ಹುಡುಗಿ ಕಣ್ಣರಳಿಸಿ ತಲೆ ಅಲ್ಲಾಡಿಸುತ್ತಾಳೆ! ಓದು ಬರುತ್ತದೆ ಅವಳಿಗೆ. ಶಾಲೆಗೆ ಬಂದು ಎರಡು ತಿಂಗಳೂ ಆಗಿಲ್ಲ, ನನ್ನ ಎಷ್ಟೋ ಹಳೇ ವಿದ್ಯಾರ್ಥಿಗಳಿಗಿಂತ ವಾಸಿ. ನಾಳೆ ದೇವನಾಗರಿ ತೋರಿಸಿ ನೋಡಬೇಕು.

ಟ್ರ್ಯಾಕ್ಟರ್ ದಾಟಬೇಡವೆಂದು ಸಂಜಯನಿಗೆ ಹೇಳಿದ್ದರೂ ಏರಿನಲ್ಲಿ ಒಮ್ಮೆ ಜೋರು ಮಾಡಲೇಬೇಕಾಯಿತು. ಗಂಗಾಂಬಿಕಾ ಕುರ್ಚಿಗೆ ಬಡಿಯತೊಡಗಿದಳು. ಸುಮ್ಮನಿರಲೆಂದು ಕೈ ಹಿಡಿದೆ, ಬಿಡಿಸಿಕೊಂಡು ಮತ್ತೆ ಬಡಿದಳು. ಅಷ್ಟರಲ್ಲಿ ಗಾಡಿಯ ದಮ್ಮು ಹೋಯಿತು. ಅವಳ ಕೈ ಐಸಿನಂತೆ ತಣ್ಣಗಿತ್ತು, ಜಮಖಂಡಿಯವರೆಗೆ ಹಿಡಿದುಕೊಂಡೇ ಕೂತೆ.

ಡಿಸೆಂಬರ್ ೧೦, ಮಂಗಳವಾರ

ಪುಣೆಯಿಂದ ಹುಕುಂ ಬಂದಿದೆ. ಇವತ್ತಿನಿಂದ ವ್ಯಾನಿನಲ್ಲಿ ಮಕ್ಕಳನ್ನು ಕೂಡಿಸುವಂತಿಲ್ಲ. ಇಪ್ಪತ್ಮೂರಕ್ಕೆ ಅಲ್ಲಿಯ ಡ್ರೈವರ್ ಬಂದು ಒಯ್ಯುತ್ತಾನಂತೆ, ಅಲ್ಲೇ ರಿಪೇರಿ ಮಾಡಿಸಿ ಅಲ್ಲಿಯದೇ ಶಾಲೆಗೆ ಕೊಡುತ್ತಾರಂತೆ. ಜಪ್ಪಯ್ಯ ಎಂದರೂ ಇನ್ನು ಇತ್ತ ಬಾರದು. ಉಳಿದ ಮಕ್ಕಳನ್ನು ಮನೆಯವರು ಬಸ್ಸಿಗೋ ಬೈಕಿಗೋ ಕೂಡಿಸಿ ತಂದಾರು. ಗಾಲಿಕುರ್ಚಿಯನ್ನು ಯಾವ ಬಸ್ಸು ಹತ್ತಿಸಿಕೊಳ್ಳುತ್ತದೆ? ಕೇಳುವವರು ಯಾರೂ ಇಲ್ಲ. ಪುಣೆಯಲ್ಲಿ ಕೂತವರಿಗೆ ಇಲ್ಲಿಯ ಸುಖದುಃಖ ಏನು ಗೊತ್ತು?

ಡಿಸೆಂಬರ್ ೧೩, ಶುಕ್ರವಾರ

ಗಂಗಾಂಬಿಕಾಳ ನೀರಿನ ಬಾಟಲಿ ನನ್ನ ಚೀಲದಲ್ಲೇ ಉಳಿದಿತ್ತು. ಕೊಟ್ಟು ಬರೋಣವೆಂದು ಬಸ್ಸು ಬದಲಿಸಿ ರನ್ನ ಬೆಳಗಲಿಗೆ ಹೋಗಿಬಂದೆ. ಸೊಂಟ ಹಿಡಿದಿದೆ.

ಅಂಗಳದ ಹೊರಸಿನ ಮೇಲೆ ಮಲಗಿಸಿದ್ದರು. ಮಲಗಿದರೆ ಅವಳಿಗೆ ಕಾಣುವುದು ತಗಡಿನ ಚಾವಣಿ ಮತ್ತು ಬೇವಿನ ಗಿಡದ ಒಂದು ಟೊಂಗೆ, ಅಷ್ಟೇ. ಅವ್ವ ಶಿವವ್ವ ಸಣಕಲು ಹೆಂಗಸು. ಮಗಳು ಬೆಳೆದಿದ್ದಾಳೆ, ಎತ್ತಲು ಆಗುವುದಿಲ್ಲ. ಎತ್ತಲು ಹೋಗಿ ಕಳೆದ ವರ್ಷ ಇಬ್ಬರೂ ಬಿದ್ದಿದ್ದರಂತೆ.

"ಜಪಾನದಾಕಿ ಯಾವಾಗ ಬರತಾಳ್ರೀ ಅಕ್ಕಾರ?" ಎಂದು ಕೇಳಿದಳು. ಯಾರು ಅಂದೆ. ವ್ಯಾನಂತೆ! ಹೆಣ್ಣಿನ ದನಿಯಲ್ಲಿ ಮಾತಾಡುತ್ತಾಳಲ್ಲ, ಅದಕ್ಕೆ ಆಕಿ. ನಗಬೇಕೆಂದರೆ ನಗು ಬರಲಿಲ್ಲ. ಬರುತ್ತಾಳೆ ಎಂದು ಸುಳ್ಳು ಹೇಳಿದೆ.

ಗಂಗಾಂಬಿಕಾ ಹೊರಸಿನ ಕಟ್ಟಿಗೆಗೆ ಪಟಪಟ ಬಡಿದಳು. "ಸುಮ್ಮಸುಮ್ಮನ ಯಾಕ ಬಡೀತಾಳ ಈಕಿ?" ಎಂದೆ.

"ಸುಮ್ಮನ ಬಡಿಯಾಂಗಿಲ್ರೀ. ಏನರ ಕೇಳಿಸಿದ್ರ ಬಡೀತಾಳ. ಈಗ ಎಮ್ಮಿ ಬರಾಕತ್ತಿರಬೇಕು," ಅಂದಳು. ನನಗೇನೂ ಕೇಳಿಸಲಿಲ್ಲ. ತುಸು ಹೊತ್ತಿಗೆ ಎಮ್ಮೆ ಓಣಿಯ ತಿರುವಿನಲ್ಲಿ ಬಂತು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಸೋಮವಾರ ಅವಳು ಬಡಿದದ್ದು ಗಾಡಿಯ ದಮ್ಮು ಹೋದ ಮೇಲಲ್ಲ. ಅದಕ್ಕಿಂತ ಮೊದಲು. ನಾನು ಕೈ ಹಿಡಿದೆ, ಬಿಡಿಸಿಕೊಂಡಳು, ಮತ್ತೆ ಬಡಿದಳು, ಆಮೇಲೆ ಹೋಯಿತು. ನಾನು ಬೈದ ದಿನವೂ ಹಾಗೇ ಇದ್ದಿರಬೇಕು.

ಡಿಸೆಂಬರ್ ೧೪, ಶನಿವಾರ

ಸಂಜಯನಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. "ಆಕಿ ಕುರ್ಚಿ ಎಂಜಿನ್ನಿಗೆ ಹತ್ತಿ ನಿಂತಿರತೈತ್ರಿ. ನಮಗ ಹಾರ್ನಿನ ಗದ್ದಲದಾಗ ಏನ್ ಕೇಳತೈತಿ," ಅಂದ. ಗಿರಿಮಲ್ಲಪ್ಪನ ಮನೆಯಲ್ಲಿ ಮದುವೆಯಂತೆ, ಇಪ್ಪತ್ತೆರಡರ ಭಾನುವಾರದವರೆಗೆ ಬಿಡುವಿಲ್ಲ. ಬೇರೆಯವರ ಕೈಗೆ ಕೊಡಲು ನಮ್ಮ ಸಂಜಯ ಒಪ್ಪುತ್ತಿಲ್ಲ.

ಡಿಸೆಂಬರ್ ೧೬, ಸೋಮವಾರ

ರಘೂತ್ತಮನೊಡನೆ ಫೋನಿನಲ್ಲಿ ಜಗಳ.

"ಹಂಗ ಹೆಂಗ ಒಯ್ತೀ? ಗಾಡಿ ಇಲ್ಲಂದ್ರ ಆ ಹುಡುಗಿ ಮತ್ತ ಹೊರಸಿನ ಮ್ಯಾಲೆ ಬೀಳ್ತಾಳ. ಓದ್ಲಿಕ್ಕೆ ಬರ್ತದೋ ಆಕಿಗೆ, ಓದ್ಲಿಕ್ಕೆ!"

"ಆತ್ಯಾ, ತಿರುಗಿ ಒಯ್ಯಿ ಅಂತ ನೀವ ಹೇಳಿದ್ರಿ. ನೀವು ಹೇಳಿದ್ದಕ್ಕ ನಾ ಮೀಟಿಂಗಿನಾಗ ಇಟ್ಟೆ."

"ಸಿಟ್ಟಿನಾಗ ಹಿರೇರು ಏನರೆ ಅಂತಾರ. ಅದನ್ನ ಮೀಟಿಂಗಿನಾಗ ಇಡ್ತಾರೇನು? ಬುದ್ಧಿ ಎಲ್ಲಿ ಇಟ್ಟಿದ್ದಿ?"

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದೆನೆಂದು ನನಗೆ ನೆನಪಿಲ್ಲ. ಅವನಿಗೆ ಸಣ್ಣವನಿದ್ದಾಗಿನಿಂದಲೂ ಮಾತು ಹಿಗ್ಗಿಸುವ ಚಟ. ಕೊನೆಗೆ ತಾನೇ ಬರಲು ಒಪ್ಪಿದ. ಇಪ್ಪತ್ಮೂರಕ್ಕೆ ಮುಧೋಳದಿಂದ ಜಮಖಂಡಿಯವರೆಗೆ, ಮಹಾಲಿಂಗಪುರದ ದಾರಿ ಹಿಡಿದು, ಖಾಲಿ ಗಾಡಿಯಲ್ಲಿ ತಾನು ಕೂಡುತ್ತಾನೆ. ಒಮ್ಮೆ ದಮ್ಮು ಹೋದರೂ ಅವತ್ತೇ ಒಯ್ಯುತ್ತಾನೆ, ಆಮೇಲೆ ತನ್ನ ಕೈಯಲ್ಲೂ ಏನೂ ಉಳಿಯುವುದಿಲ್ಲ ಅಂದ.

ಡಿಸೆಂಬರ್ ೧೯, ಗುರುವಾರ

ಊಟ ಸೇರುತ್ತಿಲ್ಲ.  ಗಂಗಿಗೆ ಕೇಳಿಸಿದ್ದು ಗಿರಿಮಲ್ಲಪ್ಪನಿಗೆ ಕೇಳಿಸದಿದ್ದರೆ?

ಡಿಸೆಂಬರ್ ೨೨, ಭಾನುವಾರ

ಎಲ್ಲವನ್ನೂ ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಸಂಜಯ, ಗಿರಿಮಲ್ಲಪ್ಪ, ನಾನು ರನ್ನ ಬೆಳಗಲಿಗೆ ಹೋದೆವು. ಮಕ್ಕಳನ್ನು ಕೂಡಿಸಬಾರದು ಎಂಬ ಹುಕುಂ ನನಗೆ ನೆನಪಿತ್ತು. ಗಂಗಿಯನ್ನು ಒಂದು ಸುತ್ತು ಕರೆದೊಯ್ಯುತ್ತೇವೆ, ಎದುರಿಗೆ ಗಾಡಿ ಇಲ್ಲದ ಕಡೆ ಮಾತ್ರ ಜೋರು ಮಾಡುತ್ತೇವೆ ಎಂದೆ. ಶಿವವ್ವ ಒಪ್ಪಿದಳು, ಮಗಳ ತಲೆ ಬಾಚಿ ಕಳಿಸಿದಳು. ಹಲಗೆ ಇಳಿಯಿತು, ಜಪಾನಿನವಳು ಮಾತಾಡಿದಳು, ಗಂಗಿಯ ಮುಖ ನೋಡಬೇಕಿತ್ತು.

ಗಿರಿಮಲ್ಲಪ್ಪ ಮುಂದಿನ ಎರಡು ಸೀಟುಗಳ ನಡುವೆ ಮೊಣಕಾಲೂರಿ ಕೂತ. ಮಹಾಲಿಂಗಪುರದ ಕಡೆಯ ಏರಿನಲ್ಲಿ ರಸ್ತೆ ಖಾಲಿ ನೋಡಿ ಸಂಜಯ ತುಳಿದ. ಏನೂ ಆಗಲಿಲ್ಲ. ತಿರುಗಿ ಬಂದು ಮತ್ತೆ ತುಳಿದ. ಏನೂ ಇಲ್ಲ. ನನಗೆ ಅಳುವೇ ಬಂತು. ಕೆಡಲಿ ಎಂದು ದೇವರಿಗೆ ಬೇಡಿಕೊಂಡದ್ದು ಇದೇ ಮೊದಲು. ಮತ್ತೊಮ್ಮೆ ಏರಿಗೆ ಬಂದಾಗ ಗಂಗಿಯ ಕೈ ಎದ್ದಿತು. ಪಟ, ಪಟ, ಪಟ.

"ಈಗ!" ಎಂದು ಕಿರುಚಿದೆ. ಗಿರಿಮಲ್ಲಪ್ಪ ನನ್ನ ಹಳೇ ಸೀಟಿಗೆ ಕಿವಿ ಒತ್ತಿದ. ದಮ್ಮು ಹೋಯಿತು, ಕರೀ ಹೊಗೆ ಬಂತು, ಸಂಜಯ ಬದಿಗೆ ತೆಗೆದ.

"ಟಕ್ ಟಕ್ ಅಂತೈತಿ ಅಕ್ಕಾರ! ಒಳಗ ಏನೋ ಕುಣಿಯಾಕತ್ತೈತಿ. ಆಮ್ಯಾಲೆ ಗಪ್ಪಂತ ಹೋಗಿ ಕುಂದರತೈತಿ," ಎಂದು ಗಿರಿಮಲ್ಲಪ್ಪ ಸೀಟು ಎತ್ತಿದ. ಗಾಳಿಯ ಫಿಲ್ಟರಿನ ಡಬ್ಬಿಯಿಂದ ಕರಿಯ ರಬ್ಬರ್ ಕೊಳವೆಯೊಂದು ಬಾಗಿ ಹೋಗಿ ಸೀಟಿನ ಮೂಲೆಯಲ್ಲಿ ಅಂಗೈಯಗಲ ಬಾಯಿ ತೆರೆದಿದೆ. ಅದರೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿದ. ಹೊರಗೆ ತೆಗೆದದ್ದು ಒಂದು ಗಂಟು.

ಮಸಿ ಹಿಡಿದ ಹಸಿರು ಖಣದ ಬಟ್ಟೆ. ಬಿಚ್ಚಿದರೆ ಅಕ್ಕಿ, ಅಡಿಕೆ, ಉತ್ತತ್ತಿ, ಒಂದು ಅರಿಷಿಣದ ಕೊಂಬು. ಗಿರಿಮಲ್ಲಪ್ಪ ರಸ್ತೆಯ ಬದಿಯಲ್ಲೇ ಚಪ್ಪಲಿ ಬಿಟ್ಟು ನಿಂತ.

"ಅಕ್ಕಾರ, ಇದು ಉಡಿ, ಮುತ್ತೈದ್ಯಾರ ಮಡಲಾಗ ತುಂಬತಾರಲ್ಲ," ಅಂದ. "ಫಿಲ್ಟರ್ ನೋಡಿದೆ, ಫಿಲ್ಟರಿಗೆ ಗಾಳಿ ಬರೂ ದಾರೀನ ನೋಡಲಿಲ್ಲ. ಮೆತ್ತಗ ಹೋಗೂಮುಂದ ಇದು ಬುಡಕ್ಕ ಬಿದ್ದಿರತೈತಿ. ಜೋರ ಗಾಳಿ ಎಳದ್ರ ಎದ್ದು ಹೋಗಿ ದಾರಿ ಮುಚ್ಚತೈತಿ. ಗಾಡಿ ಬಂದ್ ಆತಂದ್ರ ಮತ್ತ ಕೆಳಗ." ಹಣೆ ಹಣೆ ಬಡಿದುಕೊಂಡ. ಸೆನ್ಸರ್ ಸುಳ್ಳು ಹೇಳಿರಲಿಲ್ಲ, ಪಾಪ.

 ಗಂಗಿ ಗಂಟನ್ನು ನೋಡಿ ಕೇಕೆ ಹಾಕಿ ನಗುತ್ತಿದ್ದಳು. ಹರಸಾಹಸ ಮಾಡಿ ಒಂದು ಮಾತು ಹೇಳಿದಳು. ಬೇರೆಯವರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. "ಅವ್ವ."

ತಿರುಗಿ ಹೋಗಿ ಗಂಟನ್ನು ಶಿವವ್ವನ ಮುಂದೆ ಹಿಡಿದೆ. ಮೊದಲು ನಾಚಿದಳು. ವ್ಯಾನು ಮೊದಲ ದಿನ ಬಾಗಿಲಿಗೆ ಬಂದಾಗ ಸಂಜಯ ಸೀಟು ಎತ್ತಿ ಎಣ್ಣೆ ನೋಡಿ, ನೀರು ತರಲು ಹೋಗಿದ್ದನಂತೆ.

"ಹೆಣಮಗಳು ಅಷ್ಟ ದೂರದಿಂದ ಬಂದಾಳ, ನನ್ನ ಮಗಳನ್ನ ಕರಕೊಂಡ ಹೊಂಟಾಳ. ಬಾಗಲಿಗೆ ಬಂದಾಕೀನ ಬರಿ ಉಡೀಲೆ ಹೆಂಗ ಕಳಸೂದ್ರಿ? ಅಲ್ಲೆ ಉಡೀ ಹಂಗ ಬಾಯಿ ಇತ್ತು. ಇಟ್ಟೆ."

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿನ್ನ ಉಡಿ ಮಕ್ಕಳ ಜೀವಕ್ಕ ಬಂದಿತ್ತು ಶಿವವ್ವಾ! ಲಾರಿ ಮುಂದ ನಿಂತಿದ್ವಿ ನಾವು, ನಿನ್ನ ಮಗಳೂ ಒಳಗಿದ್ದಳು. ಗಾಡಿ ಒಯ್ಲಿಕ್ಕೆ ಹೊಂಟದ್ದೂ ಅದಕ್ಕ!" ಎಂದುಬಿಟ್ಟೆ. ಅವಳು ನಿಂತಲ್ಲೇ ಕುಸಿದಳು. "ನನ್ನ ಕೈಲೆ ಆತೇನ್ರೀ? ನನ್ನ ಕೈಲೆ?" ಎಂದು ಎರಡೂ ಅಂಗೈ ನೋಡಿಕೊಳ್ಳುತ್ತ ಕೂತಳು. ಸಂಜಯ ನೀರು ತಂದು ಕುಡಿಸಿದ. ಬೈಯಬಾರದಿತ್ತು. ಬೈಯದೆ ಇರಲೂ ಆಗುತ್ತಿರಲಿಲ್ಲ.

ಗಿರಿಮಲ್ಲಪ್ಪ ಕೊಳವೆಯ ಬಾಯಿಗೆ ಗಟ್ಟಿ ಜಾಳಿಗೆ ಹೊಡೆದಿದ್ದಾನೆ. ಗಂಟು ನನ್ನ ಚೀಲದಲ್ಲಿದೆ. ಕೆಟ್ಟದ್ದು ಅದೊಂದರಿಂದಲೇ ಎಂದು ಯಾರು ಹೇಳಬೇಕು? ನಾಳೆ ದಾಟಿದರೆ ನಿಜ.

ಡಿಸೆಂಬರ್ ೨೩, ಸೋಮವಾರ

ರಘೂತ್ತಮ ಮುಂದೆ, ನಾನು ಹಿಂದೆ. ಪುಣೆಯ ಡ್ರೈವರನೂ ಬಂದಿದ್ದ, ಕೀಲಿ ಇಸಕೊಳ್ಳಲು ತಯಾರಾಗಿ. ಮುಧೋಳ ಬಿಟ್ಟದ್ದೇ ತಡ ಟ್ರ್ಯಾಕ್ಟರುಗಳ ಸಾಲು. ಸಂಜಯ ಹಣೆ ಒರೆಸಿಕೊಂಡು ಮೊದಲನೆಯದನ್ನು ದಾಟಿದ. ನಾನು ಕಣ್ಣು ಮುಚ್ಚಿ ಗಂಗಿಯ ಖಾಲಿ ಜಾಗದ ಕೊಂಡಿಯನ್ನು ಹಿಡಿದುಕೊಂಡಿದ್ದೆ. ಎರಡನೆಯದು. ಮಹಾಲಿಂಗಪುರದ ಏರು. ಅಲ್ಲಿ ನನಗೆ ಉಸಿರು ನಿಂತಿತ್ತು, ಗಾಡಿಗೆ ನಿಲ್ಲಲಿಲ್ಲ. ಬನಹಟ್ಟಿ ದಾಟಿದ ಮೇಲೆ ರಘೂತ್ತಮ ಮೊಬೈಲ್ ತೆಗೆದು ಬೇರೇನೋ ನೋಡತೊಡಗಿದ. ಆಗ ಗೆದ್ದೆವು ಎಂದು ಗೊತ್ತಾಯಿತು.

ಜಮಖಂಡಿಯಲ್ಲಿ ಇಳಿದು, "ಏನಾಗಿತ್ತು ಆತ್ಯಾ?" ಎಂದ.

"ಗಾಳಿ ಬರೂ ದಾರ್ಯಾಗ ಅರಿವಿ ಹೊಕ್ಕಿತ್ತು. ತೆಗೆದು ಜಾಳಿಗಿ ಹೊಡದಾರ."

"ಯಾರು ಹಾಕಿದ್ರು?"

"ನಾ ಕೂಡೂ ಸೀಟಿನ ಕೆಳಗ ಸಿಕ್ಕದ. ಕೇಳೂದಿದ್ರ ನನ್ನ ಕೇಳು, ಬರಕೊಳ್ಳೂದಿದ್ರ ನನ್ನ ಹೆಸರು ಬರಕೋ."

ಅವನು ನನ್ನ ಮುಖ ನೋಡಿದ, ಬರೆದುಕೊಳ್ಳಲಿಲ್ಲ. ನಾಳೆಯಿಂದ ಮಕ್ಕಳನ್ನು ತರಬಹುದು ಅಂದ. ಪುಣೆಯವನು ಬಸ್ಸು ಹತ್ತಿ ಹೋದ.

ಡಿಸೆಂಬರ್ ೨೪, ಮಂಗಳವಾರ

ರನ್ನ ಬೆಳಗಲಿಯಲ್ಲಿ ಗಂಗಿಯನ್ನು ಏರಿಸಿಕೊಂಡ ಮೇಲೆ ಗಂಟನ್ನು ಶಿವವ್ವನಿಗೆ ತಿರುಗಿ ಕೊಡಲು ಹೋದೆ. ಕೈ ಹಿಂದೆ ಸರಿಸಿದಳು.

"ಕೊಟ್ಟ ಉಡಿ ತಿರುಗಿ ಇಸಕೋಬಾರದ್ರಿ. ಆಕಿ ಬರಿ ಉಡೀಲೆ ಹೋದಂಗ ಆಕ್ಕೈತಿ."

"ಮತ್ತ ಒಳಗ ಇಡ್ಲಿಕ್ಕೆ ಬರೂದಿಲ್ಲವಾ. ಕನ್ನಡಿಗೆ ಕಟ್ಟೋಣೇನು?"

"ಉಡಿ ಯಾರರೆ ಕನ್ನಡಿಗೆ ಕಟ್ಟತಾರೇನ್ರಿ?" ಎಂದವಳು ಒಳಗೆ ಹೋಗಿ ಮೊರ ತಂದಳು. ಹೊಸ ಅಕ್ಕಿ, ಹೊಸ ಖಣ. ಗಂಟಿನ ಹಳೇ ಅಕ್ಕಿಯನ್ನೂ ಅದರಲ್ಲಿ ಕೂಡಿಸಿದಳು. "ಆಕಿ ಜತೀಗೆ ಬರಾಕಿ ನೀವು. ಆಕೀದು ನೀವ ಹಿಡೀರಿ. ಸೆರಗ ಒಡ್ಡರಿ."

ಗಾಬರಿಯಾಯಿತು ನನಗೆ. ಇವರು ಹೋದ ಮೇಲೆ ಯಾವ ಮನೆಯಲ್ಲೂ ನನ್ನ ಉಡಿ ತುಂಬಿಲ್ಲ. ಗಂಡ ಹೋದವಳಿಗೆ ತುಂಬುವುದಿಲ್ಲ, ಅದು ಪದ್ಧತಿ. ಉಡಿಯ ತಟ್ಟೆ ಬಂದಾಗ ನಾನೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ, ಕೊಡುವವರಿಗೆ ಮುಜುಗರ ಬೇಡವೆಂದು. ಸಂಜಯನ ಎದುರಿಗೇ ಹೇಳಬೇಕಾಯಿತು. "ನಾ ಇಂಥಾಕಿ ಶಿವವ್ವಾ. ನನಗ ತುಂಬಬಾರದು."

"ನನ್ನ ಮಗಳನ್ನ ದಿನಾ ಒಯ್ದು ದಿನಾ ತಂದು ಬಿಡಾಕಿ ಎಂಥಾಕಿ ಅನ್ನೂದು ನನಗ ಗೊತ್ತೈತ್ರಿ," ಅಂದಳು. "ಗಂಗಿ, ನೀ ಹಾಕವಾ ಮೊದಲ."

ಗಂಗಿಯ ಮುಷ್ಟಿಯನ್ನು ಶಿವವ್ವ ಅಕ್ಕಿಯಲ್ಲಿ ಅದ್ದಿದಳು. ಆ ಕೈ ಎತ್ತಲೋ ಹೊರಳಿತು, ಅರ್ಧ ಅಕ್ಕಿ ವ್ಯಾನಿನ ತುಂಬ ಹಾರಿತು. ಪೂರ್ವಾ "ಮತ್ತೊಮ್ಮೆ!" ಎಂದು ಕೂಗಿದಳು. ನಾನು ಸೆರಗು ಒಡ್ಡಿ ಇನ್ನೂ ಹತ್ತಿರ ಬಾಗಿದೆ. ಎಷ್ಟು ಬಿತ್ತೋ ಅಷ್ಟು ಬಿತ್ತು. ಜಮಖಂಡಿಯವರೆಗೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಎಷ್ಟು ಟ್ರ್ಯಾಕ್ಟರ್ ದಾಟಿದೆವು ಎಂದು ನೋಡಲಿಲ್ಲ.

ಉಡಿಯ ಅಕ್ಕಿಯನ್ನು ಹೊರಗೆ ಕೊಡುವಂತಿಲ್ಲ, ಪಡೆದವಳೇ ಮನೆಯಲ್ಲಿ ಬೇಯಿಸಿ ಉಣ್ಣಬೇಕು. ಬೇಯಿಸಿದೆ. ಅನ್ನಕ್ಕೆ ಎಂಜಿನ್ನಿನ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಒಂದು ಅಗುಳೂ ಬಿಡದೆ ಉಂಡೆ.